ಮದರಾಸಿಗೆ ಇಬ್ಬರೇ

ಮದರಾಸಿಗೆ ಹೋಗುವ ಆಸೆ ಮೊದಲು ಹುಟ್ಟಿದ್ದು ನನಗೆ. ಅದಕ್ಕಾಗಿ ಸುಳ್ಳು ಹೇಳಿದವಳೂ ನಾನೇ. ನಮ್ಮ ಯಜಮಾನರು ಬದುಕಿದ್ದಷ್ಟು ದಿನವೂ "ಇಬ್ಬರೂ ಸೇರಿ ಮಾಡಿದ್ದಲ್ವೇನೇ" ಎಂದು ಅರ್ಧ ತಪ್ಪನ್ನು ತಮ್ಮ ಮೇಲೆ ಎಳೆದುಕೊಳ್ಳುತ್ತಿದ್ದರು. ಅದು ಅವರ ಒಳ್ಳೆಯತನ. ಈಗ ಅವರೂ ಇಲ್ಲ, ನಮ್ಮ ಅತ್ತೆಯೂ ಇಲ್ಲ. ಯಾರ ಮುಲಾಜೂ ಇಲ್ಲದೆ ಬರೆಯಬಹುದು ಎಂದುಕೊಂಡು ಕುಳಿತೆ. ಕುಳಿತ ಮೇಲೆ ಗೊತ್ತಾಗುತ್ತಿದೆ, ಮುಲಾಜು ಹೋದರೂ ಅಳುಕು ಹೋಗಿಲ್ಲ.

ನಾನು ಹಲಸೂರಿಗೆ ಸೊಸೆಯಾಗಿ ಬಂದಾಗ ಯುದ್ಧ ನಡೆಯುತ್ತಿತ್ತು. ದೇವಸ್ಥಾನದ ಹಿಂದಿನ ಬೀದಿಯಲ್ಲಿ ನಮ್ಮ ಮನೆ. ಒಂದು ಕೋಣೆ, ನಡುಮನೆ, ಅಡುಗೆಮನೆ, ಮುಂದೊಂದು ಜಗಲಿ. ಕೋಣೆಯಲ್ಲಿ ಭಾವನವರು, ಅವರ ಹೆಂಡತಿ, ಮೂರು ಮಕ್ಕಳು. ಅತ್ತೆಗೆ ಅಡುಗೆಮನೆ. ನಮಗೆ ನಡುಮನೆಯ ಒಂದು ಮೂಲೆ, ಅಡ್ಡಕ್ಕೆ ಒಂದು ಹಳೆಯ ಸೀರೆ. ಯಾರಿಗೆ ಬಾಯಾರಿದರೂ, ಯಾರು ಹಿತ್ತಲಿಗೆ ಹೋಗಬೇಕಾದರೂ ನಮ್ಮ ಕಾಲು ದಾಟಿಯೇ ಹೋಗಬೇಕು. ಮದುವೆಯಾಗಿ ನಾಲ್ಕು ವರ್ಷ ನಾವು ಗಂಡ ಹೆಂಡತಿ ಪಿಸುಮಾತಿಗಿಂತ ಜೋರಾಗಿ ಒಂದು ಮಾತೂ ಆಡಿರಲಿಲ್ಲ. ಜಗಳವನ್ನೂ ಪಿಸುಗುಟ್ಟಿಯೇ ಆಡುತ್ತಿದ್ದೆವು. ಪಿಸುಗುಟ್ಟುತ್ತಾ ಜಗಳ ಆಡುವುದು ಎಷ್ಟು ಕಷ್ಟ ಎಂಬುದು ಆಡಿದವರಿಗೇ ಗೊತ್ತು.

ಯಜಮಾನರು ದಂಡಿನ, ಅಂದರೆ ಕಂಟೋನ್ಮೆಂಟಿನ, ಮಿಲಿಟರಿ ಉಗ್ರಾಣವೊಂದರಲ್ಲಿ ಗುಮಾಸ್ತರು. ಮನೆಯ ಉಳಿದವರಿಗೆಲ್ಲ ಸೊಪ್ಪಿನ ತೋಟವೇ ಬದುಕು. ಕೆರೆಯ ಆಚೆ, ಈಗ ಇಂದಿರಾನಗರ ಎನ್ನುತ್ತಾರಲ್ಲ, ಅಲ್ಲಿ ನಮ್ಮ ದಂಟು, ಮೆಂತ್ಯ, ಕೊತ್ತಂಬರಿ ಬೆಳೆಯುತ್ತಿತ್ತು. ಬೆಳಕು ಹರಿಯುವ ಮುಂಚೆ ಕಿತ್ತು, ಕಟ್ಟು ಕಟ್ಟಿ, ಬ್ಲಾಕ್‌ಪಳ್ಳಿಯ ಮಾರ್ಕೆಟ್ಟಿಗೆ ಕಳಿಸಬೇಕು. ಶಿವಾಜಿನಗರ ಎಂಬ ಹೆಸರು ನಮ್ಮ ಬಾಯಿಗೆ ಬಂದದ್ದು ಎಷ್ಟೋ ಕಾಲದ ಮೇಲೆ.

ಈ ತೋಟದ ಯಜಮಾನಿಕೆ ನಮ್ಮ ಅತ್ತೆಯದು. ಮಾವ ತೀರಿಕೊಂಡ ಮೇಲೆ ಕೆಲಸದಾಳುಗಳಿಂದ ಹಿಡಿದು ಮಾರ್ಕೆಟ್ಟಿನ ಸಾಹೇಬರವರೆಗೆ ಎಲ್ಲರ ಹತ್ತಿರವೂ ಅವರೇ ಏಗುತ್ತಿದ್ದರು. ಕನ್ನಡ, ತಮಿಳು, ಉರ್ದು ಮೂರರಲ್ಲೂ ಬೈಯಬಲ್ಲ ಹೆಂಗಸು. ಸೊಂಟದಲ್ಲಿ ಎಲೆ ಅಡಿಕೆಯ ಸಂಚಿ ಸದಾ ಸಿಕ್ಕಿಸಿರುತ್ತಿತ್ತು. ಎದ್ದ ಕೂಡಲೇ ಒಂದು ಎಲೆ, ಊಟವಾದ ಮೇಲೆ ಒಂದು, ಕೋಪ ಬಂದರೆ ಒಂದು, ಇಳಿದರೆ ಒಂದು. ಅವರ ತುಟಿ ಕೆಂಪಗಿಲ್ಲದ್ದನ್ನು ಮದುವೆಯಾದಂದಿನಿಂದ ನಾನು ಕಂಡಿರಲಿಲ್ಲ. ಅನ್ನವಾದರೂ ಬಿಟ್ಟೇನು, ಎಲೆ ಬಿಡಲಾರೆ ಎನ್ನುತ್ತಿದ್ದರು.

ಇನ್ನೊಂದು ಮಾತು ಇಲ್ಲೇ ಹೇಳಿಬಿಡಬೇಕು. ನಾಲ್ಕು ವರ್ಷವಾದರೂ ನನಗೆ ಮಕ್ಕಳಾಗಿರಲಿಲ್ಲ. ನೆಂಟರು ಬಂದರೆ ನನ್ನ ಹೊಟ್ಟೆ ನೋಡಿಯೇ ಮುಖ ನೋಡುತ್ತಿದ್ದರು. ಆದರೆ ಅತ್ತೆ ಒಂದು ದಿನ, ಒಂದೇ ಒಂದು ದಿನ, ಆ ಮಾತು ಎತ್ತಲಿಲ್ಲ. ಯಾರಾದರೂ ಎತ್ತಿದರೆ "ನಿಮ್ಮನೆ ತೊಟ್ಟಿಲು ನೀವು ತೂಗ್ಕಳಿ, ನಮ್ಮನೇದು ನಮಗಿರ್ಲಿ" ಎಂದು ಬಾಯಿ ಮುಚ್ಚಿಸುತ್ತಿದ್ದರು. ಅವರಿಗೆ ಆ ಚಿಂತೆಯೇ ಇಲ್ಲ ಎಂದು ನಾನು ಅಂದುಕೊಂಡಿದ್ದೆ. ಎಷ್ಟು ದಡ್ಡಿ ಇರಬೇಕು ನಾನು.

ಮದರಾಸಿನ ಹುಚ್ಚು ಹತ್ತಿದ್ದು ಯುದ್ಧದಿಂದಲೇ. ಜಪಾನಿನವರು ಬಾಂಬು ಹಾಕುತ್ತಾರೆಂದು ಹೆದರಿ ಆ ಊರಿನಿಂದ ಓಡಿಬಂದವರು ನಮ್ಮ ಬೀದಿಯ ತಮಿಳರ ಮನೆಗಳಲ್ಲಿ ತುಂಬಿಕೊಂಡಿದ್ದರು. ಪಕ್ಕದ ಮನೆಗೆ ಬಂದಿದ್ದ ಒಬ್ಬಾಕೆ ನನಗೆ ಸ್ನೇಹವಾದಳು. ಸಮುದ್ರದ ದಂಡೆಯ ಗಾಳಿ, ದೀಪಸ್ತಂಭ, ಹಳೆಯ ಕೋಟೆ, ಬೀದಿಯ ನಡುವೆ ಗಂಟೆ ಹೊಡೆಯುತ್ತಾ ಹೋಗುವ ಟ್ರಾಮು, ಎಲ್ಲವನ್ನೂ ಬಣ್ಣಿಸುತ್ತಿದ್ದಳು. ಮೈಲಾಪುರದ ಅಮ್ಮನವರ ಗುಡಿಯಲ್ಲಿ ಒಂದು ಮರವಿದೆಯೆಂದೂ, ಮಕ್ಕಳಿಲ್ಲದವರು ಅದರ ಕೊಂಬೆಗೆ ಬಟ್ಟೆಯ ತೊಟ್ಟಿಲು ಕಟ್ಟಿ ಬರುತ್ತಾರೆಂದೂ ಅವಳೇ ಹೇಳಿದ್ದು. ನಾನು ಟ್ರಾಮಿನ ಕಡೆಗೆ ಕಿವಿ ಕೊಟ್ಟಷ್ಟು ಆ ಮರದ ಕಡೆಗೆ ಕೊಡಲಿಲ್ಲ.

ಯುದ್ಧ ಮುಗಿಯಿತು, ಅವಳು ತನ್ನೂರಿಗೆ ಹೊರಟುಹೋದಳು. ರೈಲುಗಳಲ್ಲಿ ಸೋಲ್ಜರುಗಳ ನೂಕುನುಗ್ಗಲು ಕಡಿಮೆಯಾಯಿತು. ಆಗ ನಾವಿಬ್ಬರೂ ಲೆಕ್ಕಾಚಾರ ಶುರು ಮಾಡಿದೆವು. ಯಜಮಾನರು ಆಫೀಸು ಬಿಟ್ಟು ಸೈಕಲ್ಲಿನಲ್ಲಿ ಬರುವ ಹೊತ್ತಿಗೆ ನಾನು ತೋಟದಿಂದ ಬಂದು ಕೆರೆ ಏರಿಯ ಮೇಲೆ ನಿಂತಿರುತ್ತಿದ್ದೆ. ಅಲ್ಲಿಂದ ಮನೆಗೆ ಕಾಲು ಗಂಟೆಯ ದಾರಿ. ಸೈಕಲ್ಲು ತಳ್ಳಿಕೊಂಡು ನಿಧಾನವಾಗಿ ನಡೆದರೆ ಅರ್ಧ ಗಂಟೆ. ನಮ್ಮ ಮದರಾಸು ಪೂರ್ತಿ ತಯಾರಾದದ್ದು ಆ ಅರ್ಧ ಗಂಟೆಗಳಲ್ಲಿ.

ಶುಕ್ರವಾರ ಸಂಜೆ ದಂಡು ಸ್ಟೇಷನ್ನಿನಲ್ಲಿ ರೈಲು ಹತ್ತುವುದು. ಶನಿವಾರ ಬೆಳಿಗ್ಗೆ ಇಳಿದು ಮೊದಲು ಸಮುದ್ರ, ಆಮೇಲೆ ಸ್ನಾನ. ಅವರು ಮೊದಲು ಸ್ನಾನ ಎಂದರು, ನಾನು ಒಪ್ಪಲಿಲ್ಲ. ಮಧ್ಯಾಹ್ನ ಕೋಟೆ, ಸಂಜೆ ಟ್ರಾಮು. ಭಾನುವಾರ ಮ್ಯೂಸಿಯಮ್ಮು, ಮತ್ತೆ ಸಮುದ್ರ. ಸೋಮವಾರ ಊರು. ತಿರುವಲ್ಲಿಕೇಣಿಯಲ್ಲಿ ಉಡುಪಿಯವರ ಹೋಟೆಲೊಂದರ ಮಹಡಿಯಲ್ಲಿ ರೂಮು ಸಿಗುತ್ತದೆಂದು ಅವರ ಆಫೀಸಿನ ತಮಿಳು ಗುಮಾಸ್ತರೊಬ್ಬರು ವಿಳಾಸ ಕೊಟ್ಟರು. ಇವರು ಕಾಗದ ಬರೆದರು. ನಾಚಿಕೆ ಬಿಟ್ಟು, ಬಾಗಿಲಿಗೆ ಒಳಗಿನಿಂದ ಚಿಲಕವಿದೆಯೇ ಎಂದೂ ಕೇಳಿದ್ದರು. ಆಫೀಸಿನ ವಿಳಾಸಕ್ಕೆ ಉತ್ತರ ಬಂತು: ಚಿಲಕವಿದೆ, ಕಿಟಕಿಯೂ ಇದೆ. ಆ ಕಾರ್ಡನ್ನು ಏರಿಯ ಮೇಲೆ ನಿಂತು ನಾನು ನಾಲ್ಕು ಸಲ ಓದಿಸಿದೆ.

ಉಳಿದದ್ದು ಒಂದೇ, ಮನೆಯಲ್ಲಿ ಹೇಳುವುದು. ಗಂಡ ಹೆಂಡತಿ ಇಬ್ಬರೇ ಸುಮ್ಮನೆ ಊರು ನೋಡಲು ಹೋಗುವುದೆಂದರೆ ನಮ್ಮಲ್ಲಿ ಕಂಡು ಕೇಳಿದ್ದಲ್ಲ. ಮದುವೆಗೆ ಹೋಗಬಹುದು, ಸಾವಿಗೆ ಹೋಗಬಹುದು, ದೇವರಿಗೆ ಹೋಗಬಹುದು. ಅದಕ್ಕೂ ಇಡೀ ಮನೆ ಗಾಡಿ ಕಟ್ಟಿಕೊಂಡು ಹೊರಡಬೇಕು. ಹಾಗಾಗಿ ಒಂದು ಭಾನುವಾರ ಬೆಳಿಗ್ಗೆ ಯಜಮಾನರು "ಅವ್ವಾ, ಎರಡು ದಿನ ಮದರಾಸಿಗೆ ಹೋಗಿ ಬರೋಣ ಅಂತ" ಎಂದರು.

ಜಗಲಿಯ ಮೇಲೆ ಎಲೆಗೆ ಸುಣ್ಣ ಹಚ್ಚುತ್ತಿದ್ದ ಅತ್ತೆಯ ಮುಖ ಅರಳಿತು.

"ಸಮುದ್ರಕ್ಕೇನಪ್ಪಾ? ನಾನೂ ಬತ್ತೀನಿ ಕಣೋ. ಹುಟ್ಟಿದಾಗಿಂದ ಈ ಕೆರೆಗಳ ನೀರು ಬಿಟ್ರೆ ಬೇರೆ ನೀರು ನೋಡಿಲ್ಲ. ನಿಮ್ಮಣ್ಣನ್ನೂ ಮಕ್ಕಳನ್ನೂ ಕರ್ಕಳಾನ. ಎಲ್ಲಾ ಓಗಿ ಮುಳುಗಿ ಬರಾನ."

ಯಜಮಾನರು ನನ್ನ ಮುಖ ನೋಡಿದರು. ನನ್ನ ಕಣ್ಣಿಗೆ ಚಿಲಕದ ರೂಮಿನಲ್ಲಿ ಎಂಟು ಜನ ಚಾಪೆ ಹಾಸಿಕೊಂಡು ಮಲಗಿದ್ದು ಕಂಡಿತು. ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ.

"ಅತ್ತೆ, ಅದು ಹರಕೆ. ಮೈಲಾಪುರದ ಅಮ್ಮನ ಗುಡೀಲಿ ತೊಟ್ಟಿಲು ಕಟ್ಟೋದು. ಪಕ್ಕದ ಮನೆಗೆ ಬಂದಿದ್ರಲ್ಲ, ಅವರು ಹೇಳಿದ್ದು. ಗಂಡ ಹೆಂಡ್ತಿ ಇಬ್ಬರೇ ಹೋಗ್ಬೇಕಂತೆ. ಜೊತೇಲಿ ಬೇರೆ ಯಾರೂ ಇರಬಾರದಂತೆ."

ಇಬ್ಬರೇ ಎಂಬುದನ್ನು ಆ ಮದರಾಸಿನವಳು ಹೇಳಿರಲಿಲ್ಲ. ಅದು ನಾನು ಸೇರಿಸಿದ್ದು. ಅತ್ತೆಯ ಕೈಯಲ್ಲಿದ್ದ ಎಲೆ ಕೈಯಲ್ಲೇ ಉಳಿಯಿತು. ಅವರು ನನ್ನನ್ನು ನೋಡಿದ ನೋಟವನ್ನು ಹೇಗೆ ಬರೆಯಲಿ? ನಾಲ್ಕು ವರ್ಷ ಬಾಯಿ ಬಿಗಿಹಿಡಿದು ಕಾದವರಿಗೆ ಕೊನೆಗೂ ಆ ಮಾತು ನನ್ನ ಬಾಯಿಂದಲೇ ಬಂದಿತ್ತು. ಕಣ್ಣಲ್ಲಿ ನೀರು ತುಂಬಿತು. "ಓಗಿ ಮಗಾ, ಇಬ್ರೇ ಓಗಿ. ನಾನ್ಯಾಕೆ ಬರ್ಲಿ" ಎಂದರು. ಸಮುದ್ರದ ಮಾತನ್ನು ಮತ್ತೆ ಎತ್ತಲೇ ಇಲ್ಲ.

ಅಲ್ಲಿಗೆ ಮುಗಿಯಿತು, ಗೆದ್ದೆವು ಅಂದುಕೊಂಡೆವು. ಎಲ್ಲಿಯ ಗೆಲುವು! ಅತ್ತೆ ಆ ಮಧ್ಯಾಹ್ನವೇ ಪಕ್ಕದ ಮನೆಯ ಅಜ್ಜಿಯನ್ನು ವಿಚಾರಿಸಿ ಬಂದರು. ಇಂಥ ಹರಕೆಗೆ ಮುಂಚೆ ಒಂದು ಮಂಡಲ, ಅಂದರೆ ನಲವತ್ತೆಂಟು ದಿನ, ವ್ರತ ಹಿಡಿಯಬೇಕಂತೆ. ಗಂಡ ಹೆಂಡತಿ ಬೇರೆ ಬೇರೆ ಮಲಗಬೇಕಂತೆ. ಮೂಲೆಯ ಸೀರೆ ಅಂದೇ ಬಿಚ್ಚಿಹೋಯಿತು. ಯಜಮಾನರ ಚಾಪೆ ಜಗಲಿಗೆ ಹೋಯಿತು, ನನ್ನದು ಅಡುಗೆಮನೆಗೆ, ಅತ್ತೆಯ ಪಕ್ಕಕ್ಕೆ. ಎರಡು ದಿನ ಒಟ್ಟಿಗಿರಬೇಕೆಂದು ಹೊರಟವರಿಗೆ ನಲವತ್ತೆಂಟು ದಿನದ ಶಿಕ್ಷೆ. ಏರಿಯ ಮೇಲೆ ಯಜಮಾನರು ನಕ್ಕರು, "ಚೆನ್ನಾಗಿ ಮಾಡ್ದೆ ಕಣೇ" ಎಂದರು. ನಾನೂ ನಕ್ಕೆ. ಹೋಟೆಲಿಗೆ ತಾರೀಖು ಬದಲಾಯಿಸಿ ಬರೆದರು.

ಆ ನಗು ಎರಡು ದಿನ ಉಳಿಯಿತು. ಮೂರನೆಯ ದಿನ ಅತ್ತೆಯ ಸೊಂಟದಲ್ಲಿ ಸಂಚಿ ಕಾಣಲಿಲ್ಲ. ಎಲ್ಲಿ ಎಂದು ಕೇಳಿದೆ. ತೋಟದಲ್ಲಿ ಕಳೆ ಕೀಳುವ ಹೆಂಗಸಿಗೆ ಕೊಟ್ಟುಬಿಟ್ಟಿದ್ದರು.

"ನೀವಿಬ್ರೇ ಹರಕೆ ಹೊತ್ರೆ ಆಯ್ತದಾ? ಕೇಳೋರು ನಾವೂ ಏನಾದ್ರೂ ಬಿಡಬೇಕಲ್ಲ. ನೀನು ಮಗೀನ ನನ್ನ ಕೈಗೆ ಕೊಡೋಗಂಟ ಬಾಯಿಗೆ ಎಲೆ ಹಾಕಲ್ಲ ಅಂತ ಅಮ್ಮಂಗೆ ಹೇಳಿವ್ನಿ. ಯಾರ್ಗೂ ಹೇಳ್ಬೇಡ, ಹೇಳಿದ್ರೆ ಫಲ ಇರಕಿಲ್ಲ."

ಆಗಲೇ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ನಾಲ್ಕು ದಿನ ನೋಡೋಣ, ತಡೆಯಲಾರದೆ ಅವರೇ ಹಾಕಿಕೊಳ್ಳುತ್ತಾರೆ ಎಂದು ಸಮಾಧಾನ ಮಾಡಿಕೊಂಡೆ. ಅವರು ಹಾಕಿಕೊಳ್ಳಲಿಲ್ಲ. ತಲೆನೋವು ಬಂತು, ಊಟ ಸೇರದಾಯಿತು, ಕೆಲಸದಾಳುಗಳ ಮೇಲೆ ರೇಗಿದರು. ನನ್ನ ಮೇಲೆ ಮಾತ್ರ ರೇಗಲಿಲ್ಲ. ತುಟಿಯ ಕೆಂಪು ಒಂದು ವಾರದಲ್ಲಿ ಇಳಿದು, ಕೆಳಗಿದ್ದ ಬಿಳಚಿಕೊಂಡ ತುಟಿ ಕಾಣಿಸಿತು. ಸಂಜೆಗಳಲ್ಲಿ ನನ್ನನ್ನು ಮುಂದೆ ಕೂರಿಸಿಕೊಂಡು ತಲೆಗೆ ಹರಳೆಣ್ಣೆ ತಟ್ಟುತ್ತಿದ್ದರು. ಮೈ ತಂಪಾಗಿರಬೇಕಂತೆ. ಒಬ್ಬರ ಪ್ರೀತಿ ಅಷ್ಟು ಹಿಂಸೆ ಕೊಡಬಹುದೆಂದು ನನಗೆ ಆ ಮುಂಚೆ ಗೊತ್ತಿರಲಿಲ್ಲ.

"ಅತ್ತೆಗೆ ಹೇಳಿಬಿಡೋಣ ಕಣ್ರೀ" ಎಂದೆ ಏರಿಯ ಮೇಲೆ.

"ಈಗ ಹೇಳಿದ್ರೆ ಅವ್ವ ಎದೆ ಒಡ್ಕೋತಾಳೆ. ಹೋಗಿ ನಿಜವಾಗ್ಲೂ ತೊಟ್ಟಿಲು ಕಟ್ಟಿ ಬರೋಣ. ಆಗ ಸುಳ್ಳು ಹೇಗಾಗುತ್ತೆ?" ಎಂದರು.

ಗುಮಾಸ್ತರ ಬುದ್ಧಿ. ಕಾಗದ ಸರಿಹೋದರೆ ಎಲ್ಲ ಸರಿ. ಬೈಯಬೇಕೆನ್ನಿಸಿತು, ಆದರೆ ಆ ಮಾತಿನಿಂದ ನನಗೂ ಹಗುರವಾಗಿತ್ತು. ಮಾರನೆಯ ದಿನದಿಂದ ಮತ್ತೆ ಟ್ರಾಮಿನ ಮಾತು, ಯಾವ ಸೀರೆ ಉಡಬೇಕೆಂಬ ಮಾತು. ಅತ್ತೆ ಅಡುಗೆಮನೆಯಲ್ಲಿ ತಲೆ ಹಿಡಿದುಕೊಂಡು ಕೂತಿರುವಾಗ ನಾನು ಸೀರೆಯ ಬಣ್ಣ ಆರಿಸುತ್ತಿದ್ದೆ.

ಮಂಡಲ ಮುಗಿಯಲು ಇನ್ನು ವಾರವಿದೆ ಎನ್ನುವಾಗ ಕಗ್ಗದಾಸಪುರದಲ್ಲಿ ಅತ್ತೆಯ ಅಣ್ಣನ ಮೊಮ್ಮಗಳ ಮದುವೆ ನಿಶ್ಚಯಕ್ಕೆ ಹೇಳಿಕಳಿಸಿದರು. ಅದು ಅತ್ತೆಯ ತವರು. ಅಣ್ಣ ತಂಗಿಯ ನಡುವೆ ಒಂದು ಹಳೆಯ ಮುನಿಸೂ ಇತ್ತು. ಆ ಅಣ್ಣನ ಕೊನೆಯ ಮಗಳನ್ನು ತಂದುಕೊಳ್ಳದೆ ಹೊರಗಿನವಳಾದ ನನ್ನನ್ನು ಅತ್ತೆ ಸೊಸೆ ಮಾಡಿಕೊಂಡಿದ್ದರು. ಈಗ ಕರೆ ಬಂದಿದ್ದು ಆ ಮುನಿಸು ಕಳೆಯಲೆಂದೇ. ಅತ್ತೆ ಸಂಭ್ರಮದಿಂದ ಹೊರಟರು, ನನ್ನನ್ನೂ ಕರೆದುಕೊಂಡರು.

ನಮ್ಮ ಕಡೆ ಮಾತುಕತೆ ಮುಗಿದ ಮೇಲೆ ತಟ್ಟೆಯಲ್ಲಿ ವೀಳ್ಯ ತಂದು ಎರಡೂ ಕಡೆಯ ಹಿರಿಯರಿಗೆ ಕೊಡುತ್ತಾರೆ. ಹಿರಿಯರು ಅದನ್ನು ಎಲ್ಲರೆದುರಿಗೆ ಮಡಿಸಿ ಬಾಯಿಗೆ ಹಾಕಿಕೊಳ್ಳಬೇಕು. ಹಾಕಿಕೊಂಡರೆ ಒಪ್ಪಿಗೆ. ಕೈಯಲ್ಲೇ ಹಿಡಿದುಕೊಂಡರೆ ಮನಸ್ಸಿನಲ್ಲಿ ಏನೋ ಇದೆ ಎಂದು ಅರ್ಥ. ಅಣ್ಣ ತಾನೇ ತಟ್ಟೆ ಹಿಡಿದು ತಂಗಿಯ ಮುಂದೆ ಬಂದರು. ಅತ್ತೆ ವೀಳ್ಯವನ್ನು ಎರಡು ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿ ಮಡಿಲಿಗೆ ಹಾಕಿಕೊಂಡರು.

"ಬಾಯಿಗಾಕ್ಕಳವ್ವಾ" ಎಂದರು ಅಣ್ಣ.

"ಆಮೇಕೆ ಆಕ್ಕತೀನಿ ಅಣ್ಣಾ."

ಅಣ್ಣನ ಮುಖ ಕಪ್ಪಿಟ್ಟಿತು. ಹುಟ್ಟಿದಾಗಿನಿಂದ ಎಲೆ ಜಗಿಯುವ ತಂಗಿ ತನ್ನ ಮನೆಯ ಎಲೆಯನ್ನೇ ಬಾಯಿಗೆ ಹಾಕುವುದಿಲ್ಲವೆಂದರೆ ಅವರಾದರೂ ಏನೆಂದುಕೊಂಡಾರು? "ಮೂವತ್ತು ಜನದ ಮುಂದೆ ನನ್ನ ಮರ್ವಾದೆ ತೆಗೀಬೇಕು ಅಂತಾನೇ ಬಂದ್ಯಾ? ನನ್ನ ಮಗಳೂ ಬೇಡ, ಮೊಮ್ಮಗಳ ವೀಳ್ಯಾನೂ ಬೇಡ ನಿಂಗೆ" ಎಂದು ಕೂಗಿದರು. ಗಂಡಿನ ಕಡೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅತ್ತೆ ತಲೆ ತಗ್ಗಿಸಿ ಕೂತಿದ್ದರು. ಮೂರು ಭಾಷೆಯಲ್ಲಿ ಬೈಯಬಲ್ಲ ಹೆಂಗಸು, ಒಂದು ಭಾಷೆಯಲ್ಲೂ ಬಾಯಿ ಬಿಡಲಿಲ್ಲ.

ನಾನು ಅವರ ಬೆನ್ನ ಹಿಂದೆಯೇ ನಿಂತಿದ್ದೆ. "ಹರಕೆ ಇದೆ ಮಾವ" ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತು. ಅಂದರೆ ಯಾವ ಹರಕೆ, ಯಾರಿಗಾಗಿ, ಯಾವಾಗ ಎಂದೆಲ್ಲ ಕೇಳುತ್ತಾರೆ. ನನ್ನ ನಾಲಿಗೆ ಏಳಲಿಲ್ಲ. ಜಗಲಿಯಲ್ಲಿ ಕೂತು ಅಷ್ಟು ಸಲೀಸಾಗಿ ಸುಳ್ಳು ಹೇಳಿದ ಅದೇ ನಾಲಿಗೆ. ಬಹಳ ವರ್ಷ ನಾನು ನನ್ನನ್ನು ಕ್ಷಮಿಸದೆ ಇದ್ದದ್ದು ಸುಳ್ಳಿಗಲ್ಲ, ಆ ಮೌನಕ್ಕೆ. ಅತ್ತೆ ಊಟಕ್ಕೂ ನಿಲ್ಲದೆ ಎದ್ದು ಬಂದರು. ಆ ಅಣ್ಣ ಎರಡು ವರ್ಷ ತಂಗಿಯ ಬಾಗಿಲು ತುಳಿಯಲಿಲ್ಲ.

ಮಾರನೆಯ ಬೆಳಿಗ್ಗೆ ತೋಟದಲ್ಲಿ ನಾವಿಬ್ಬರೇ ಇದ್ದೆವು. ಅವರು ದಂಟಿನ ಕಟ್ಟು ಕಟ್ಟುತ್ತಿದ್ದರು, ನಾನು ಬಾಳೆನಾರು ಸೀಳಿ ಕೊಡುತ್ತಿದ್ದೆ. ರೈಲಿನ ಟಿಕೆಟ್ಟು ಆಗಲೇ ಯಜಮಾನರ ಜೇಬಿನಲ್ಲಿತ್ತು. ನಾನು ಅತ್ತುಕೊಂಡೇ ಎಲ್ಲವನ್ನೂ ಹೇಳಿದೆ. ಹರಕೆ ಹೊತ್ತಿರಲಿಲ್ಲ, ಊರು ನೋಡಬೇಕಿತ್ತು, ಇಬ್ಬರೇ ಇರಬೇಕಿತ್ತು, ಎಲ್ಲರೂ ಬರುತ್ತೇವೆಂದಾಗ ಹೆದರಿ ಹಾಗೆ ಅಂದುಬಿಟ್ಟೆ ಎಂದೆ. "ನೀವು ಎಲೆ ಹಾಕ್ಕೊಳಿ ಅತ್ತೆ. ಇವತ್ತೇ ಹಾಕ್ಕೊಳಿ. ಕಗ್ಗದಾಸಪುರದ ಮಾವನ ಹತ್ರ ನಾನೇ ಹೋಗಿ ಕಾಲು ಹಿಡೀತೀನಿ."

ಅತ್ತೆ ಕೈಯಲ್ಲಿದ್ದ ಕಟ್ಟನ್ನು ಮುಗಿಸಿದರು. ಇನ್ನೊಂದನ್ನೂ ಕಟ್ಟಿದರು. ಬೈಯುತ್ತಾರೆ, ಹೊಡೆದರೂ ಹೊಡೆಯಲಿ ಎಂದು ನಾನು ಕಾದೆ.

"ನಿಮ್ಮ ಮಾವ ಇದ್ದಾಗ ಇದೇ ತೋಟದ ಗುಡಿಸಲಿಗೆ ಕಾವಲಿಗೆ ಅಂತ ಇಬ್ರೂ ಬತ್ತಿದ್ವಿ. ಸೊಪ್ಪು ಕದಿಯಾಕೆ ಯಾವ ಕಳ್ಳ ಬತ್ತಾನೆ ಹೇಳು? ನಮ್ಮತ್ತೆಗೂ ಗೊತ್ತಿತ್ತು. ಗೊತ್ತಿಲ್ದಂಗೆ ಇದ್ರು, ಪುಣ್ಯಾತ್ಗಿತ್ತಿ." ಅವರು ಇನ್ನೊಂದು ಹಿಡಿ ದಂಟು ಎತ್ತಿಕೊಂಡರು. "ನಾವಿಬ್ರೇ ಓಗ್ಬೇಕು ಅತ್ತೆ, ನೀವು ಬರಬ್ಯಾಡಿ ಅಂತ ಅಂದಿದ್ರೆ ನಾನು ಬ್ಯಾಡ ಅಂತಿದ್ನಾ ಮಗಾ?"

ಸೀಳಿದ ಬಾಳೆನಾರನ್ನೇ ಇನ್ನಷ್ಟು ಸೀಳಿದೆ. ಎಲೆಯ ಮಾತನ್ನೇ ಮತ್ತೆ ಎತ್ತಿದೆ.

"ನೀವು ಹೊರ್ಲಿಲ್ಲ ಸರಿ. ನಾನು ಹೊತ್ತಿದ್ದು ನಿಜ ಅಲ್ವಾ? ಅಮ್ಮನ ಮುಂದೆ ಕೈ ಮುಗ್ದು ಅಂದ ಮಾತು. ನಮ್ಮ ಸೊಸೆ ಸುಳ್ಳೇಳಿದ್ಲು, ಅದಕ್ಕೆ ವಾಪಸ್ ಕೊಡು ಅಂತ ಕೇಳ್ಲಾ?"

ಹಾಗಾದರೆ ನಾವು ಹೋಗುವುದೇ ಇಲ್ಲ, ಇಲ್ಲವೇ ನೀವೂ ಬನ್ನಿ ಎಂದೆ. ಎರಡಕ್ಕೂ ಒಪ್ಪಲಿಲ್ಲ. "ಇಬ್ರೇ ಅಂತ ಅಂದಾಯ್ತಲ್ಲ, ಇಬ್ರೇ ಓಗಿ" ಎಂದರು. ಶುಕ್ರವಾರ ಸಂಜೆ ತಮ್ಮ ಮದುವೆಯ ಸೀರೆಯ ಸೆರಗಿನಿಂದ ಹರಿದ ಒಂದು ತುಂಡನ್ನು ಅರಿಶಿನ ಹಚ್ಚಿ ನನ್ನ ಕೈಗಿಟ್ಟರು, ತೊಟ್ಟಿಲು ಕಟ್ಟಲು.

ನಾವು ಹೋದೆವು. ಮೊದಲು ಸಮುದ್ರಕ್ಕಲ್ಲ, ಗುಡಿಗೆ. ತೊಟ್ಟಿಲು ಕಟ್ಟಿದೆವು. ಈ ಸಲ ನಿಜವಾಗಿಯೇ ಕೇಳಿಕೊಂಡೆ, ಮಗುವಿಗಾಗಿ ಅಲ್ಲ, ಅತ್ತೆಯ ಬಾಯಿಗೆ ಒಂದು ಎಲೆಗಾಗಿ. ಟ್ರಾಮು ಹತ್ತಿದೆವು, ಕೋಟೆ ನೋಡಿದೆವು. ಸಮುದ್ರ ಪಕ್ಕದ ಮನೆಯ ನನ್ನ ಸ್ನೇಹಿತೆ ಹೇಳಿದ್ದಕ್ಕಿಂತ ದೊಡ್ಡದಾಗಿತ್ತು. ಚಿಲಕ ಹಾಕಿದ ರೂಮಿನಲ್ಲಿ ಗಟ್ಟಿಯಾಗಿ ಮಾತಾಡಲು ಯಾರ ಅಡ್ಡಿಯೂ ಇರಲಿಲ್ಲ. ಆದರೂ ಇಬ್ಬರೂ ಪಿಸುಗುಟ್ಟುತ್ತಲೇ ಇದ್ದೆವು, ಅದೂ ಅತ್ತೆಯ ವಿಷಯವನ್ನೇ. ಸೋಮವಾರದವರೆಗೂ ಕಾಯದೆ ಭಾನುವಾರವೇ ರೈಲು ಹತ್ತಿದೆವು.

ನಮಗೆ ಮಕ್ಕಳಾಗಲಿಲ್ಲ. ಆ ವರ್ಷವೂ ಇಲ್ಲ, ಆಮೇಲೂ ಇಲ್ಲ. ಮೊದಮೊದಲು ಅತ್ತೆ ಕಾದರು, ಆಮೇಲೆ ಕಾಯುವುದನ್ನು ಬಿಟ್ಟರು. ಎಲೆಯನ್ನು ಮಾತ್ರ ಮುಟ್ಟಲಿಲ್ಲ. ಸಾಯುವವರೆಗೂ, ಹದಿನಾಲ್ಕು ವರ್ಷ.

ಕಗ್ಗದಾಸಪುರದ ಆ ದಿನದ ಮೇಲೆ ಒಂದು ಮಾತ್ರ ಬದಲಾಯಿತು. ಮದುವೆಯೋ ನಾಮಕರಣವೋ, ಎಲ್ಲಿ ತಾಂಬೂಲದ ತಟ್ಟೆ ಮುಂದೆ ಬಂದರೂ ಅತ್ತೆ ಕೆನ್ನೆಗೆ ಕೈಯಿಟ್ಟುಕೊಂಡು "ಹಲ್ಲು ನೋವು ಕಣಪ್ಪಾ, ಎಲೆ ಆಗಾಕಿಲ್ಲ" ಎನ್ನತೊಡಗಿದರು. ಹರಕೆ ಎಂದರೆ ಜನ ನನ್ನ ಹೊಟ್ಟೆ ನೋಡುತ್ತಾರೆಂದು ಅವರಿಗೆ ಗೊತ್ತಿತ್ತು. ಮುನಿಸು ಬಿಟ್ಟು ಬಂದ ಅಣ್ಣನಿಗೂ ಅದನ್ನೇ ಹೇಳಿದರು. ಹೇಳುವಾಗ ನನ್ನ ಕಡೆ ಒಮ್ಮೆಯೂ ನೋಡುತ್ತಿರಲಿಲ್ಲ.

ಕೊನೆಯ ಕಾಯಿಲೆಯಲ್ಲಿ ಅವರ ಬಾಯಿ ತೊಳೆಯುತ್ತಿದ್ದವಳು ನಾನೇ. ಒಂದು ಹಲ್ಲೂ ಅಲ್ಲಾಡಿರಲಿಲ್ಲ, ಒಂದಕ್ಕೂ ಹುಳುಕು ಹತ್ತಿರಲಿಲ್ಲ.